ಭಾಗ 6: ಗುಳಿಗಿ ಕೊಟ್ಟರೆ ಕೆಲಸ ಮುಗೀಲಿಲ್ಲ

“ಈಗ ಆರಾಮ ಅದೀನಿ, ಇನ್ನ್ಯಾಕ್ರಿ ಗುಳಿಗಿ?” ಬಿಪಿ, ಶುಗರ್ ಇರೋ ಮನೆಗಳಲ್ಲಿ ಈ ಮಾತು ಕೇಳಿರ್ತೀರಿ. ಇದಕ್ಕೆ ಉತ್ತರ ಹುಡುಕಲು ನಮ್ಮ ದೇಶಕ್ಕೆ ಮೊದಲು ಪಾಠ ಕಲಿಸಿದ್ದು ಟಿಬಿ.

🔹 1950ರ ದಶಕದಲ್ಲಿ ಟಿಬಿ ಚಿಕಿತ್ಸೆ ಅಂದ್ರೆ ಸ್ಯಾನಟೋರಿಯಂ. ರೋಗಿಗಳು ಲಕ್ಷಗಟ್ಟಲೆ, ಹಾಸಿಗೆಗಳು ಬೆರಳೆಣಿಕೆ. 1956ರಲ್ಲಿ ಮದ್ರಾಸಿನಲ್ಲಿ ಒಂದು ಅಧ್ಯಯನ ಶುರುವಾಯ್ತು. 193 ಬಡ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಸ್ಯಾನಟೋರಿಯಂನಲ್ಲಿ, ಉಳಿದವರಿಗೆ ಮನೆಯಲ್ಲೇ, ಒಂದು ವರ್ಷ ಅದೇ ಔಷಧಿ. 1959ರ ವರದಿ ಪ್ರಕಾರ ಫಲಿತಾಂಶ ಹೆಚ್ಚುಕಡಿಮೆ ಒಂದೇ! ಆದ್ರೆ ಅದು ಗುಳಿಗೆಯೊಂದರಿಂದಲೇ ಆಗಿದ್ದಲ್ಲ. ಸಿಬ್ಬಂದಿ ಮುಂಚೆ ಹೇಳದೆ ಮನೆಗೆ ಹೋಗಿ ಉಳಿದ ಗುಳಿಗೆ ಎಣಿಸ್ತಿದ್ರು, ಮೂತ್ರ ಪರೀಕ್ಷೆ ಮಾಡಿಸ್ತಿದ್ರು.

🔹 1959ರಲ್ಲೇ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಅಲ್ಲಿನವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿದಾಗ, ಸುಮಾರು ಅರ್ಧದಷ್ಟು ರೋಗಿಗಳು ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ರು. “ಹಳ್ಳಿ ಜನಕ್ಕೆ ತಿಳುವಳಿಕೆ ಇಲ್ಲ” ಅನ್ನೋ ಮಾತು ಅಲ್ಲಿ ಬಿದ್ದುಹೋಯ್ತು. ಜನ ಬಂದಿದ್ರು, ಗುರುತಿಸಿ ಹಿಡಿದಿಟ್ಟುಕೊಳ್ಳೋರು ಇರಲಿಲ್ಲ.

🔹 1962ರ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದಕ್ಕೊಂದು ಸರಳ ಉಪಾಯ ಬಂತು: ಪ್ರತಿ ರೋಗಿಗೂ ಒಂದು ಕಾರ್ಡು, ಅದರಲ್ಲಿ ಮುಂದೆ ಬರಬೇಕಾದ ತಾರೀಖು. ಬರದಿದ್ರೆ ಪತ್ರ, ಆಮೇಲೂ ಬರದಿದ್ರೆ ಮನೆ ಭೇಟಿ. ಇಂದು ನರ್ಸಿಂಗ್ ವಿದ್ಯಾರ್ಥಿಗಳು ಬರೆಯೋ ‘ಕೇರ್ ಪ್ಲಾನ್’ನ ತಿರುಳೂ ಇದೇ: ರೋಗಿಯ ಸ್ಥಿತಿ ತಿಳಿ, ಯೋಜನೆ ಮಾಡು, ಮತ್ತೆ ಹೋಗಿ ನೋಡು.

ಈಗ ನಮ್ಮ ಜಿಲ್ಲೆಗೆ ಬರೋಣ. 2018ರಿಂದ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಬದಲಾಯಿಸೋ ಕೆಲಸ ಶುರುವಾಯ್ತು. ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ ಬಹಳ ಜನ ನರ್ಸಿಂಗ್ ಓದಿದವರು. 30 ವರ್ಷ ದಾಟಿದವರ ಬಿಪಿ, ಶುಗರ್ ತಪಾಸಣೆ ಅವರ ಕೆಲಸದ ಭಾಗ. ಆದ್ರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಮಹಾರಾಷ್ಟ್ರಕ್ಕೆ, ಗೋವಾಕ್ಕೆ ಗುಳೆ ಹೋಗೋ ಮನೆಗಳು ಎಷ್ಟಿಲ್ಲ? ಒಂದು ತಿಂಗಳ ಗುಳಿಗಿ ಕೊಟ್ಟು ಕಳಿಸಿದ್ರೆ, ಎರಡನೇ ತಿಂಗಳು ಆ ಮನುಷ್ಯ ಕಬ್ಬಿನ ಗದ್ದೆಯಲ್ಲಿ ಇರ್ತಾನೆ. ಗುಳಿಗಿ ಬಿಟ್ಟಿದ್ದು ಮನೆಯವರಿಗೆ ಗೊತ್ತಾಗೋದು ಲಕ್ವಾ ಹೊಡೆದಾಗ.

ಅದಕ್ಕೇ ಒಳ್ಳೆ ಸಿಸ್ಟರ್ ಬಿಪಿ ಎಷ್ಟಿದೆ ಅಂತ ಬರೆದು ಸುಮ್ಮನಾಗಲ್ಲ. “ಮುಂದಿನ ತಿಂಗಳು ಎಲ್ಲಿರ್ತೀರಿ? ಊಟ ಎಷ್ಟೊತ್ತಿಗೆ? ಗುಳಿಗಿ ನೆನಪು ಮಾಡೋರು ಯಾರದಾರ?” ಅಂತ ಕೇಳ್ತಾರೆ. ಅರವತ್ತು ವರ್ಷದ ಹಿಂದಿನ ಆ ಕಾರ್ಡು ಕಲಿಸಿದ್ದು ಈ ಮೂರು ಪ್ರಶ್ನೆಗಳನ್ನೇ.

ನರ್ಸಿಂಗ್ ಓದೋ ತಂಗಿ, ತಮ್ಮ ಇದ್ರೆ ಅವರಿಗೆ ಕಳಿಸಿ. ಭಾಗ 7ರಲ್ಲಿ ಸಿಗೋಣ.

#ವಿಜಯಪುರ #ಇಂಡಿ #ಸಿಂದಗಿ #ಮುದ್ದೇಬಿಹಾಳ #ಬಸವನಬಾಗೇವಾಡಿ #ಆರೋಗ್ಯಚರಿತ್ರೆ