98 ಡಿಗ್ರಿ

ಕಳೆದ ತಿಂಗಳು ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯಲ್ಲಿ ಮಾತನಾಡುತ್ತ, ಮಗ ಬಿ.ಎಸ್ಸಿ. ಸೇರಿದ ಸುದ್ದಿ ತಿಳಿಸಿದಳು. "ಅವರ ಕೆಮಿಸ್ಟ್ರಿ ಲ್ಯಾಬಿನ್ಯಾಗ ಮೊದಲು ಉತ್ತರ ಬರೀತಾರಂತ್ರಿ ಸರ್, ಆಮ್ಯಾಲೆ ಪ್ರಯೋಗ ಮಾಡ್ತಾರಂತ" ಎಂದು ನಕ್ಕಳು. ನನಗೆ ನಗಲಾಗಲಿಲ್ಲ. ಆ ರೂಢಿ ನಮ್ಮ ಕಾಲಕ್ಕೂ ಇತ್ತು. ಅದರಲ್ಲಿ ನನ್ನ ಪಾಲೂ ಇದೆ.

ವಿದ್ಯಾರ್ಥಿಗಳು ಸ್ವತಃ ಪ್ರಯೋಗ ಮಾಡಿಯೇ ರಸಾಯನಶಾಸ್ತ್ರ ಕಲಿಯಬೇಕೆಂಬ ಪದ್ಧತಿಗೆ ಭದ್ರ ಬುನಾದಿ ಹಾಕಿದವನು ಜರ್ಮನಿಯ ಲೀಬಿಗ್. 1824ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಆತ ಗೀಸೆನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ. ಅವನ ಶಿಷ್ಯ ಹಾಫ್‌ಮನ್ 1845ರಲ್ಲಿ ಆ ಪದ್ಧತಿಯನ್ನು ಲಂಡನ್ನಿಗೆ ಒಯ್ದ. ಇಂಗ್ಲಿಷರ ಶಿಕ್ಷಣದೊಡನೆ ಅದು ನಮ್ಮ ಕಾಲೇಜುಗಳಿಗೂ ಬಂತು. ನಮ್ಮ ಸೀಮೆಯವರಿಗೆ ಮೊದಲು ಧಾರವಾಡದ ಕರ್ನಾಟಕ ಕಾಲೇಜೇ (1917) ಗತಿಯಾಗಿತ್ತು. ಬಿಜಾಪುರದಲ್ಲಿ ವಿಜಯ ಕಾಲೇಜು ಆರಂಭವಾದದ್ದು 1945ರಲ್ಲಿ.

ಲೀಬಿಗ್‌ನ ಬಗ್ಗೆ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ಕ್ರೊಯಿಟ್ಸ್‌ನಾಖ್ ಎಂಬ ಊರಿನ ಉಪ್ಪುನೀರಿನ ಬುಗ್ಗೆಯಿಂದ ಬಂದ ಕಂದುಬಣ್ಣದ ದ್ರವವನ್ನು ಪರೀಕ್ಷಿಸಿ, ಇದು ಅಯೋಡಿನ್ ಕ್ಲೋರೈಡ್ ಎಂದು ಅವಸರದಲ್ಲಿ ಚೀಟಿ ಅಂಟಿಸಿಬಿಟ್ಟಿದ್ದ. 1826ರಲ್ಲಿ ಫ್ರಾನ್ಸಿನ ಬಲಾರ್ ಬ್ರೋಮಿನ್ ಎಂಬ ಹೊಸ ಮೂಲವಸ್ತುವನ್ನು ಪ್ರಕಟಿಸಿದಾಗ, ತನ್ನ ಸೀಸೆಯಲ್ಲಿದ್ದದ್ದು ಅದೇ ಎಂದು ತಿಳಿಯಿತು. ಆ ಸೀಸೆಯನ್ನು ಆತ ಎಸೆಯಲಿಲ್ಲ. ತನ್ನ ತಪ್ಪುಗಳಿಗೆಂದೇ ಮೀಸಲಿಟ್ಟ ಕಪಾಟಿನಲ್ಲಿ ಇರಿಸಿ, ಬಂದವರಿಗೆ ತೋರಿಸುತ್ತಿದ್ದನಂತೆ.

1968ರಲ್ಲಿ ಕೃಷ್ಣಾತೀರದ ತಂಗಡಗಿಯಿಂದ ಹೊರಟು ನಾನು ಕಾಲೇಜು ಸೇರಿದೆ. (ಯಾವ ಕಾಲೇಜೆಂಬುದು ಬೇಡ.) ಕಂದೀಲಿನ ಗಾಜು ಬಿಟ್ಟರೆ ಬೇರೆ ಗಾಜಿನ ಸಾಮಾನು ಮುಟ್ಟಿದವನಲ್ಲ, ಬ್ಯೂರೆಟ್ ಹಿಡಿದಾಗ ಕೈ ನಡುಗಿತ್ತು. ಕಿಪ್ಸ್ ಉಪಕರಣದಿಂದ ಹೊಮ್ಮುತ್ತಿದ್ದ ಹೈಡ್ರೋಜನ್ ಸಲ್ಫೈಡಿನ ಕೊಳೆತ ತತ್ತಿಯ ನಾತ ಅಂಗಿಗೆ ಹತ್ತಿ, ಶನಿವಾರ ಊರಿಗೆ ಬಂದರೆ ಅವ್ವ "ಎಲ್ಲಿ ಬಿದ್ದು ಬಂದ್ಯೋ ತಮ್ಮಾ?" ಎಂದು ಹೊರಗೇ ನಿಲ್ಲಿಸುತ್ತಿದ್ದಳು.

ಒಮ್ಮೆ ಟೈಟ್ರೇಶನ್ನಿನಲ್ಲಿ ಗುಲಾಬಿ ಬಣ್ಣ ಮೂಡಿದಾಗ ನನ್ನ ಅಂಕಿ 9.6 ಇತ್ತು. ಉಳಿದವರದೆಲ್ಲ 10.2. ಮತ್ತೆ ಮಾಡಿದೆ, ಮತ್ತೆ 9.6. ಪಿಪೆಟ್ಟನ್ನು ಸರಿಯಾಗಿ ತೊಳೆದಿರಲಿಲ್ಲವೋ ಏನೋ, ಹುಡುಕುವ ಗೋಜಿಗೆ ಹೋಗದೆ ಅಳಿಸಿ 10.2 ಬರೆದೆ. ಜರ್ನಲ್ಲಿನಲ್ಲಿ "ಉತ್ತಮ" ಎಂಬ ಷರಾ ಬಿತ್ತು. ಮೂರು ವರ್ಷ ಹಾಗೆಯೇ "ಉತ್ತಮ"ನಾಗಿ ಮುಂದೆ ಮಾಸ್ತರನಾದೆ.

1992ರಲ್ಲಿ ನಮ್ಮ ಪ್ರೌಢಶಾಲೆಯಲ್ಲಿ ನೀರಿನ ಕುದಿಬಿಂದು ಅಳೆಯಲು ಮಕ್ಕಳಿಗೆ ಹೇಳಿದ್ದೆ. ಎಲ್ಲರೂ ಪುಸ್ತಕದಲ್ಲಿದ್ದ 100 ಡಿಗ್ರಿಯನ್ನೇ ಬರೆದರು. ಒಬ್ಬ ಹುಡುಗಿ ಮಾತ್ರ 98 ಎಂದು ಬರೆದಳು. ನಾನು ಕೆಂಪು ಮಸಿಯಿಂದ ಅದನ್ನು ಹೊಡೆದುಹಾಕಿದೆ. "ಉಷ್ಣಮಾಪಕದಾಗ ಹಂಗ ಕಾಣ್ತದರಿ ಸರ್" ಎಂದಳು. ಗದರಿಸಿ ಕೂರಿಸಿದೆ.

ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಬಿಂದು ಇಳಿಯುತ್ತದೆ. ನಮ್ಮ ಸೀಮೆ ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದೇ 98ರ ಆಸುಪಾಸಿನಲ್ಲಿ. ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕಣ್ಣೆದುರು ಬಂದಾಗ ಗುರುತಿಸಲಿಲ್ಲ.

ಫೋನ್ ಮಾಡಿದವಳು ಅದೇ ಹುಡುಗಿ. ಮೂವತ್ತು ವರ್ಷ ಮೀರಿದ ಮೇಲೆ ಅವಳಿಗೆ ಇದನ್ನೆಲ್ಲ ವಿವರಿಸಿ, ತಪ್ಪು ನನ್ನದೆಂದು ಒಪ್ಪಿಕೊಂಡೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿರಲಿಲ್ಲ.

"ಗೊತ್ತಿತ್ರಿ ಸರ್" ಎಂದಳು. "ಮನಿಗೆ ಹೋಗಿ ಮತ್ತೊಮ್ಮೆ ಕುದಿಸಿ ನೋಡಬೇಕಂದ್ರ ಉಷ್ಣಮಾಪಕ ಇರಲಿಲ್ಲ ನೋಡ್ರಿ."