ಗ್ಯಾಸ್ ಗೀಸರಿನ ಶುಚಿ ಮತ್ತು ಪಾಲನೆ

ನರಕ ಚತುರ್ದಶಿಯ ಹಿಂದಿನ ಸಂಜೆಯನ್ನು ನಮ್ಮವರು ನೀರು ತುಂಬುವ ಹಬ್ಬವೆಂದು ಆಚರಿಸುತ್ತಾರೆ. ಬಚ್ಚಲನ್ನು ತೊಳೆದು, ಹಂಡೆಯನ್ನು ಹುಣಸೆಹಣ್ಣಿನಿಂದ ಬೆಳಗಿ, ಒಲೆಯ ಬೂದಿ ತೆಗೆದು ಹೊಸ ನೀರು ತುಂಬುವ ಈ ಆಚರಣೆಯು ನೀರೊಲೆಯ ವಾರ್ಷಿಕ ಪಾಲನೆಯೂ ಆಗಿತ್ತು. ಬೇಗಂಪೇಟೆಯ ಫ್ಲ್ಯಾಟುಗಳಲ್ಲಿ ನೆಲೆಸಿರುವ ನಮ್ಮ ಹಲವು ಮನೆಗಳಲ್ಲಿ ಹಂಡೆಯ ಸ್ಥಾನಕ್ಕೆ ಗ್ಯಾಸ್ ಗೀಸರ್ ಬಂದಿದೆ. ಹಬ್ಬದಂದು ಅದರ ಹೊರಮೈಗೆ ಕುಂಕುಮವೂ ಸಲ್ಲುತ್ತದೆ. ಒಳಗನ್ನು ತೆರೆಸಿ ನೋಡುವ ಪದ್ಧತಿ ಮಾತ್ರ ಬಿಟ್ಟುಹೋಗಿದೆ. ಚಳಿಗಾಲಕ್ಕೆ ಮುನ್ನ ಬರುವ ಈ ಹಬ್ಬವನ್ನೇ ಅದರ ತಪಾಸಣೆಗೆ ಗೊತ್ತುಮಾಡಿಕೊಳ್ಳುವುದು ಉತ್ತಮ.

ಈ ಗೀಸರಿನಲ್ಲಿ ನೀರು ಸಂಗ್ರಹವಾಗುವುದಿಲ್ಲ. ನಲ್ಲಿ ತಿರುಗಿಸಿದೊಡನೆ ನೀರಿನ ಒತ್ತಡಕ್ಕೆ ರಬ್ಬರಿನ ಡಯಾಫ್ರಾಮ್ ಸರಿದು ಅನಿಲದ ದಾರಿಯನ್ನು ತೆರೆಯುತ್ತದೆ, ಬ್ಯಾಟರಿಯ ಕಿಡಿಯಿಂದ ಬರ್ನರ್ ಹೊತ್ತಿಕೊಳ್ಳುತ್ತದೆ. ಉರಿಯ ಮೇಲಿರುವ ತಾಮ್ರದ ಕೊಳವೆಯಲ್ಲಿ ಹರಿಯುವಾಗಲೇ ನೀರು ಕಾಯುತ್ತದೆ. ಆದ್ದರಿಂದ ಕಡೆಯ ಅಂತಸ್ತಿನಲ್ಲಿ, ಟ್ಯಾಂಕಿಗೆ ತೀರ ಸಮೀಪವಿರುವ ಮನೆಗಳಲ್ಲಿ, ಗೀಸರ್ ಹೊತ್ತಿಕೊಳ್ಳದಿದ್ದರೆ ದೋಷ ಯಂತ್ರದ್ದಲ್ಲದೆ ನೀರಿನ ಒತ್ತಡದ್ದೂ ಇರಬಹುದು.

ಪಾಲನೆಯಲ್ಲಿ ಮೊದಲ ಗಮನ ಸಲ್ಲಬೇಕಾದುದು ಯಂತ್ರಕ್ಕಲ್ಲ, ಗಾಳಿಗೆ. ಸಾಮಾನ್ಯ ಗ್ಯಾಸ್ ಗೀಸರಿನ ಶಕ್ತಿ ಸುಮಾರು 10 ಕಿಲೋವ್ಯಾಟ್, ಅಂದರೆ ಅಡುಗೆ ಒಲೆಯ ನಾಲ್ಕೈದು ಬರ್ನರುಗಳು ಒಟ್ಟಿಗೆ ಉರಿದಷ್ಟು. ಒಂದು ಗಂಟೆ ಉರಿದರೆ ಅದಕ್ಕೆ ಸುಮಾರು 10 ಘನ ಮೀಟರ್ ಗಾಳಿ ಬೇಕು. ಐದಡಿ ಅಗಲ, ಏಳಡಿ ಉದ್ದದ ಸ್ನಾನದ ಮನೆಯಲ್ಲಿರುವ ಗಾಳಿಯೇ 8 ಘನ ಮೀಟರಿನಷ್ಟು! ಮನೆಯವರು ಒಬ್ಬರ ಹಿಂದೊಬ್ಬರು ಸ್ನಾನಕ್ಕೆ ಹೋಗುವ ಹಬ್ಬದ ಬೆಳಗಿನಲ್ಲಿ, ಚಳಿಯೆಂದು ಕಿಟಕಿ ಮುಚ್ಚಿದ್ದರೆ, ಪ್ರಾಣವಾಯು ಬೇಗನೆ ಕುಗ್ಗಿ ಅನಿಲವು ಪೂರ್ಣವಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ರಕ್ತದ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಊರಿನ ಬಚ್ಚಲಿನಲ್ಲಿ ಹೊಗೆ ತುಂಬಿದರೆ ಕಣ್ಣುರಿ ಬಂದು ಬಾಗಿಲು ತೆರೆಯುತ್ತಿದ್ದೆವು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ಸಿಲಿಂಡರಿನ ಅನಿಲಕ್ಕೆ ಬೆರೆಸಿರುವ ದುರ್ಗಂಧವು ಸೋರಿಕೆಯನ್ನು ತಿಳಿಸುತ್ತದೆಯೇ ಹೊರತು ಇದನ್ನು ತಿಳಿಸುವುದಿಲ್ಲ. ಸ್ನಾನಕ್ಕೆ ಹೋದವರು ಮೂರ್ಛೆ ಹೋಗುವುದನ್ನೂ, ಬದುಕಿ ಉಳಿದವರಲ್ಲಿ ಕೆಲವರಿಗೆ ಮರೆವು, ನಡುಕ ಮುಂತಾದವು ಉಳಿಯುವುದನ್ನೂ ನಮ್ಮ ದೇಶದ ನರರೋಗ ತಜ್ಞರು 'ಗ್ಯಾಸ್ ಗೀಸರ್ ಸಿಂಡ್ರೋಮ್' ಎಂಬ ಹೆಸರಿನಿಂದಲೇ ವರದಿ ಮಾಡಿದ್ದಾರೆ.

ಗೀಸರನ್ನು ಸ್ನಾನದ ಮನೆಯ ಹೊರಗೆ, ಬಾಲ್ಕನಿಯಲ್ಲೋ ಬಟ್ಟೆ ಒಗೆಯುವ ತೆರೆದ ಜಾಗದಲ್ಲೋ ಅಳವಡಿಸಿ, ಒಳಗೆ ಬಿಸಿನೀರಿನ ಕೊಳವೆಯನ್ನಷ್ಟೇ ತರುವುದು ಸರಿಯಾದ ಕ್ರಮ. ಒಳಗಿರುವುದನ್ನು ಹೊರಕ್ಕೆ ಸಾಗಿಸುವ ಖರ್ಚನ್ನು ನಾವು ಉಳಿತಾಯದ ಲೆಕ್ಕಕ್ಕೆ ಎಳೆಯಬಾರದು. ಅದು ನಡೆಯುವವರೆಗೆ ಬಕೆಟ್ಟುಗಳಿಗೆ ಬಿಸಿನೀರು ತುಂಬಿಸಿ, ಗೀಸರ್ ಆರಿಸಿ, ಗಾಳಿ ಹೊರಳಿದ ಮೇಲೆ ಸ್ನಾನಕ್ಕೆ ಹೋಗುವುದು ಒಳಿತು. ಎಕ್ಸಾಸ್ಟ್ ಫ್ಯಾನ್ ಇದೆಯೆಂಬ ಧೈರ್ಯವೂ ಸಾಲದು. ಹೊಸ ಗಾಳಿ ಬರಲು ಕೆಳಗೆ ದಾರಿಯಿಲ್ಲದಿದ್ದರೆ ಅದು ಹೊರಗೆಳೆಯುವುದಾದರೂ ಏನನ್ನು?

ಇನ್ನು ಮನೆಯವರೇ ಮಾಡಬಹುದಾದ ಕೆಲಸಗಳು ಕೆಲವೇ. ತಿಂಗಳಿಗೊಮ್ಮೆ ರೆಗ್ಯುಲೇಟರ್ ಮುಚ್ಚಿ, ಗೀಸರ್ ತಣ್ಣಗಾದ ನಂತರ, ತಣ್ಣೀರು ಒಳಬರುವಲ್ಲಿರುವ ಜಾಲರಿಯನ್ನು ಬಿಚ್ಚಿ ಮರಳನ್ನು ತೊಳೆಯಬೇಕು. ಜೋಡಣೆಗಳಿಗೆ ಸೋಪಿನ ನೀರು ಸವರಿ, ಅನಿಲವನ್ನು ತೆರೆದು, ಗುಳ್ಳೆ ಏಳುವುದೇ ನೋಡಬೇಕು. ಬೆಂಕಿಕಡ್ಡಿಯಿಂದ ಪರೀಕ್ಷಿಸುವ ಸಾಹಸ ಎಂದಿಗೂ ಕೂಡದು. ಕಿಡಿ ದುರ್ಬಲವಾದಾಗ ಸೆಲ್ಲುಗಳೆರಡನ್ನೂ ಒಟ್ಟಿಗೇ ಬದಲಿಸಬೇಕು. ಜ್ವಾಲೆ ನೀಲಿಯಾಗಿರಬೇಕು. ಹಳದಿಗೆ ತಿರುಗಿದರೆ, ಅಥವಾ ಗೀಸರಿನ ಮೇಲಣ ಗೋಡೆಯಲ್ಲಿ ಮಸಿ ಕಂಡರೆ, ತಜ್ಞರು ಬಂದು ನೋಡುವವರೆಗೆ ಅದನ್ನು ಹೊತ್ತಿಸಲೇಬಾರದು.

ವರ್ಷಕ್ಕೊಮ್ಮೆಯ ಸರ್ವೀಸ್ ತಯಾರಕರ ಅಧಿಕೃತ ಮೆಕ್ಯಾನಿಕ್ಕಿನಿಂದಲೇ ಆಗಬೇಕು. ಹೊರಕವಚವನ್ನು ಒರೆಸಿ 'ಸಾಫ್ ಹೋಗಯಾ ಸಾಬ್' ಎಂದು ಕೈಚಾಚುವವರಿಗೆ ನಮ್ಮ ನಗರದಲ್ಲಿ ಕೊರತೆಯಿಲ್ಲ! ಕವಚ ಬಿಚ್ಚಿಸಿ, ಬರ್ನರಿನ ರಂಧ್ರಗಳಲ್ಲಿ ಸೇರಿದ ದೂಳು ಮತ್ತು ಜೇಡರಬಲೆಯನ್ನು ತೆಗೆಯುವುದನ್ನೂ, ತಾಮ್ರದ ರೆಕ್ಕೆಗಳ ನಡುವಿನ ಮಸಿಯನ್ನು ಬ್ರಷ್ಷಿನಿಂದ ಬಿಡಿಸುವುದನ್ನೂ ಎದುರಿಗೆ ನಿಂತು ನೋಡಬೇಕು. ಉರಿದ ಅನಿಲ ಮೇಲೇರುವುದು ಈ ರೆಕ್ಕೆಗಳ ಸಂದಿನಿಂದಲೇ. ಅದು ಕಟ್ಟಿದರೆ ವಿಷಾನಿಲ ಹೆಚ್ಚುತ್ತದೆ.

ಕೊಳವೆಯ ಒಳಗಿನ ಸಮಸ್ಯೆ ನೀರಿನದು. ನದಿ ಮತ್ತು ಜಲಾಶಯಗಳಿಂದ ಬರುವ ನಲ್ಲಿ ನೀರಿಗಿಂತ ಕೊಳವೆಬಾವಿಯ ಮತ್ತು ಟ್ಯಾಂಕರಿನ ನೀರು ಸಾಮಾನ್ಯವಾಗಿ ಗಡಸು. ಅದು ಕಾದಾಗ ಬಿಳಿಯ ಸುಣ್ಣದ ಕಿಟ್ಟ ಕಟ್ಟಿ, ಅನಿಲ ಹೆಚ್ಚು ಉರಿದರೂ ನೀರು ಸಾಕಷ್ಟು ಕಾಯದು. ನಿಂಬೆ ಉಪ್ಪಿನ ದ್ರಾವಣವನ್ನು ಹರಿಸಿ ಕಿಟ್ಟವನ್ನು ಕರಗಿಸುತ್ತಾರೆ. ಶೌಚಾಲಯ ತೊಳೆಯುವ ಆಮ್ಲವನ್ನು ಬಳಸಲು ಬಿಟ್ಟರೆ ತಾಮ್ರವೇ ತೂತಾದೀತು.

ಅನಿಲದ ರಬ್ಬರ್ ಕೊಳವೆಯನ್ನು ಐದು ವರ್ಷಕ್ಕೊಮ್ಮೆ, ಬಿರುಕು ಕಂಡರೆ ಮೊದಲೇ, ಬದಲಿಸಬೇಕು. ಬ್ಯಾಂಕಿನವರಾದ ನಮಗೆ ದಿನಾಂಕ ನಮೂದಿಸದೆ ಸಮಾಧಾನವಾಗದು. ಕೊಳವೆ ಹಾಕಿದ ಮತ್ತು ಸರ್ವೀಸ್ ಆದ ದಿನವನ್ನು ಚೀಟಿಯಲ್ಲಿ ಬರೆದು ಕವಚದ ಮೇಲೆ ಅಂಟಿಸಿದರೆ ವಾದಕ್ಕೆ ಅವಕಾಶವಿರುವುದಿಲ್ಲ. ಭಾಗ್ಯನಗರ ಗ್ಯಾಸ್ ಸಂಸ್ಥೆಯ ಕೊಳವೆ ಅನಿಲ ಬಂದಿರುವ ಮನೆಯವರು ಸಿಲಿಂಡರಿಗೆಂದು ಕೊಂಡ ಗೀಸರನ್ನು ಹಾಗೆಯೇ ಅದಕ್ಕೆ ಜೋಡಿಸಬಾರದು. ಎರಡು ಅನಿಲಗಳಿಗೂ ಜೆಟ್ಟಿನ ರಂಧ್ರದ ಅಳತೆ ಬೇರೆ. ಹೊಸದನ್ನು ಕೊಳ್ಳುವವರು ಐಎಸ್‌ಐ ಗುರುತನ್ನು ನೋಡಿಯೇ ಕೊಳ್ಳಬೇಕು.

ಸ್ನಾನದ ನಡುವೆ ತಲೆನೋವು, ವಾಕರಿಕೆ, ಕಾಲು ಸೋಲುವಿಕೆ ಕಂಡರೆ ಗೀಸರ್ ಆರಿಸಿ ಕೂಡಲೇ ಹೊರಬರಬೇಕು. ಹಿರಿಯರೂ ಮಕ್ಕಳೂ ಒಳಗಿನಿಂದ ಚಿಲಕ ಹಾಕದಿರುವುದು ಕ್ಷೇಮ. ಮೂರ್ಛೆ ಹೋದವರನ್ನು ಗಾಳಿಗೆ ತಂದು 108ಕ್ಕೆ ಕರೆಮಾಡಿ, ಗ್ಯಾಸ್ ಗೀಸರ್ ಉರಿಯುತ್ತಿತ್ತೆಂಬುದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ತಿಳಿಸಬೇಕು. ಆಮ್ಲಜನಕವೇ ಇದಕ್ಕೆ ಮುಖ್ಯ ಚಿಕಿತ್ಸೆ. ಸಿಲಿಂಡರ್ ಸೋರಿಕೆಗೆ ಹಗಲಿರುಳೂ ದೊರೆಯುವ ಸಹಾಯವಾಣಿ 1906.