ಅಬ್ಲಾಟಿವಸ್
ಲ್ಯಾಟಿನ್ ಕಲಿಯತೊಡಗಿದವರನ್ನು ಬಹಳ ಕಾಡುವ ವಿಭಕ್ತಿ ಇದು. 'ಒಯ್ಯುತ್ತೇನೆ' ಎಂಬರ್ಥದ 'ಔಫೆರೊ' ಕ್ರಿಯಾಪದದ ಕೃದಂತ 'ಅಬ್ಲಾತುಸ್'. ಹೆಸರು ಹುಟ್ಟಿದ್ದು ಅಲ್ಲಿಂದ. ಅಗಲಿಕೆಯನ್ನು ಸೂಚಿಸುತ್ತದೆ, ನಮ್ಮ ಪಂಚಮಿಯ ಹಾಗೆ. ಗ್ರೀಕಿನಲ್ಲಿ ಇದಕ್ಕೆ ಬೇರೆ ರೂಪವಿಲ್ಲ. ಹಾಗಾಗಿ ಕ್ರಿ.ಪೂ. 1ನೆಯ ಶತಮಾನದ ವಿದ್ವಾಂಸ ವಾರೊ ಇದನ್ನು ಆರನೆಯ ವಿಭಕ್ತಿ, ಲ್ಯಾಟಿನ್ನಿಗೇ ಸೇರಿದ್ದು ಎಂದು ಗುರುತಿಸಿದ.

ಹೆಸರು ಮಾತ್ರ ಇದರ ಕೆಲಸದ ಒಂದು ಪಾಲನ್ನಷ್ಟೇ ಹೇಳುತ್ತದೆ. ಹಳೆಯ ಕರಣ, ಅಧಿಕರಣ ರೂಪಗಳೂ ಇದರಲ್ಲಿ ಬೆರೆತುಹೋಗಿವೆ: 'ಗ್ಲಾದಿಯೊ' ಎಂದರೆ ಕತ್ತಿಯಿಂದ, 'ರೋಮಾ' ಎಂದರೆ ರೋಮಿನಿಂದ, 'ಇನ್ ಉರ್ಬೆ' ಎಂದರೆ ನಗರದಲ್ಲಿ. ಮೊದಲೆರಡು ಅರ್ಥಗಳನ್ನೂ ಒಂದೇ 'ಇಂದ'ದಲ್ಲಿ ಹೇಳುವ ಕನ್ನಡಿಗರಿಗೆ ಇದು ಸಲೀಸಾಗಿ ದಕ್ಕಬೇಕು. 'ರೋಮಾ'ದ ಕೊನೆಯ ದೀರ್ಘವನ್ನು ಬಿಡಬಾರದು. ಹ್ರಸ್ವವಾದರೆ ಪ್ರಥಮಾ ವಿಭಕ್ತಿಯಾಗುತ್ತದೆ.